ಕಣದಲ್ಲಿ ಲಂಗರು ಹಾಕಿದ ಹಾಯಿದೋಣಿ

೧

ಹಾಯಿದೋಣಿಯಲ್ಲಿ ಸಂಸಾರ ಹೂಡಿದವರ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಸಮುದ್ರದಿಂದ ಎನ್ನುತ್ತೀರಿ. ಆದರೆ ಶನಿವಾರಸಂತೆಯಲ್ಲಿ ನಿಂತು ಎಷ್ಟು ಕತ್ತು ಉದ್ದ ಮಾಡಿದರೂ ಕಾಣುವುದು ಕಾಫಿ ಗಿಡ, ಅದರಾಚೆ ಇನ್ನೊಬ್ಬರ ಕಾಫಿ ಗಿಡ. ಆದರೂ 'ಅಲೆಗಳು ಭೋರ್ಗರೆಯುತ್ತಿದ್ದವು' ಎಂದು ಬರೆದೆ.

"ಯಾವ ಅಲೆ ಸಾರ್? ನಾನಿನ್ನೂ ಒಂದೂ ನೋಡಿಲ್ವಲ್ಲ," ಎಂದಳು ಕುಸುಮಾ. ಆ ಸಾಲನ್ನು ಹೊಡೆದುಹಾಕಿದೆ.

(ಕುಸುಮಾ ನಾಯಕಿ. ಗಂಡ ರೇಣುಕಪ್ರಸಾದ್, ಗೊಬ್ಬರದಂಗಡಿ. ಮಗಳು ಸುಧಾ, ಆರನೇ ಕ್ಲಾಸು. ಅತ್ತೆ ಕಾಂತಮ್ಮ. ಮಿಕ್ಕವರೆಲ್ಲ ನೆಂಟರು.)

೨

ದೋಣಿ ಇರುವುದಂತೂ ನಿಜ. ಇಪ್ಪತ್ತನಾಲ್ಕು ಅಡಿ, ಮಲಗಲು ನಾಲ್ಕು ಹಲಗೆ, ಒಂದೇ ಬರ್ನರಿನ ಸ್ಟವ್. ದೋಣಿಯಲ್ಲೇ ಮಕ್ಕಳನ್ನು ಬೆಳೆಸುವ ಬಿಳಿಯರನ್ನು ಎರಡು ವರ್ಷ ಯೂಟ್ಯೂಬಿನಲ್ಲಿ ನೋಡಿ ನೋಡಿ, ರೇಣುಕಪ್ರಸಾದ್ ಇದನ್ನು ಮಂಗಳೂರು ಕಡೆ ಕೊಂಡ. ಹಾಗೇ ಗೋವಾ ದಿಕ್ಕಿಗೆ ಹೊರಟಿದ್ದರೆ ನನ್ನ ಕೆಲಸ ಹಗುರವಾಗುತ್ತಿತ್ತು. ಆದರೆ ಆ ಮನೆಯ ಯಾವ ಗಾಡಿಯೂ, ಸ್ಕೂಟರಿನಿಂದ ಟಿಲ್ಲರಿನವರೆಗೆ, ಮೊದಲು ಬಾಗಿಲ ಮುಂದೆ ನಿಂತು ಪೂಜೆ ಮಾಡಿಸಿಕೊಳ್ಳದೆ ಹೊರಟದ್ದಿಲ್ಲ. ಹಾಗಾಗಿ ನೀರಿನಲ್ಲಿದ್ದ ದೋಣಿಯನ್ನು ಲಾರಿಗೆ ಹೇರಿ, ಸಂಪಾಜೆ ಘಾಟಿ ಹತ್ತಿಸಿ ತಂದರು. ಚಕ್ರವೇ ಇಲ್ಲದ್ದಕ್ಕೆ ನಿಂಬೆಹಣ್ಣು ಎಲ್ಲಿಡುವುದೆಂದು ಐನೋರು ಅರ್ಧ ಗಂಟೆ ಯೋಚಿಸಿದರು. ಮೂರನೇ ದಿನ ಮಳೆ ಹಿಡಿಯಿತು. ಘಾಟಿಯಲ್ಲಿ ಭಾರಿ ವಾಹನ ಬಂದ್. ದೋಣಿ ಕಾಫಿ ಒಣಗಿಸುವ ಕಣದಲ್ಲಿ ಕೂತಿತು.

(ಇಲ್ಲೊಂದು ಪ್ರವಾಹ ತಂದು ದೋಣಿ ತೇಲಿಸೋಣವೆಂದಿದ್ದೆ. ಕೊಡಗಿನಲ್ಲಿ ಆ ತಮಾಷೆಗೆ ಯಾರೂ ನಗುವುದಿಲ್ಲ. ಬಿಟ್ಟೆ.)

೩

"ಮಳೆ ಬಿಡೋವರ್ಗೂ ಇಲ್ಲೇ ಇದ್ದು ಪ್ರಾಕ್ಟೀಸ್ ಮಾಡಣ," ಎಂದ ರೇಣುಕಪ್ರಸಾದ್. ಗಂಡ, ಹೆಂಡತಿ, ಮಗಳು ಏಣಿ ಹತ್ತಿ ಒಳಸೇರಿದರು. ಕಾಂತಮ್ಮ ಮನೆಯಲ್ಲೇ ಇರುವುದೆಂದು, ಅವರನ್ನು ಕೇಳದೆಯೇ, ತೀರ್ಮಾನವಾಗಿತ್ತು. ಸುಧಾ ಪಕ್ಕದ ಮನೆಯ ಎಮ್ಮೆಯನ್ನು ದುರ್ಬೀನಿನಲ್ಲಿ ನೋಡಿ, ಎಡಗಡೆ ಹಡಗು ಬರುತ್ತಿದೆಯೆಂದು ವರದಿ ಒಪ್ಪಿಸುತ್ತಿದ್ದಳು.

ಇದು ಗಂಡಸೊಬ್ಬನ ಹುಚ್ಚಿನ ಕಥೆ ಎಂದುಕೊಂಡಿದ್ದೆ. ನನ್ನ ಪೆದ್ದುತನ. ದೋಣಿ ಬೇಕಾಗಿದ್ದದ್ದು ಕುಸುಮಾಗೆ. ಹದಿನಾಲ್ಕು ವರ್ಷದಿಂದ ಪ್ರತಿ ಶನಿವಾರ ಸಂತೆಗೆ ಬಂದ ನೆಂಟರೆಲ್ಲ ಚೀಲ ಜಗುಲಿಯಲ್ಲಿಟ್ಟು ಒಂದು ಲೋಟ ನೀರು ಕೇಳುತ್ತಾರೆ. ನೀರು ಎಂದರೆ ಊಟ. ಇಪ್ಪತ್ತು ಜನ, ಕೆಲವೊಮ್ಮೆ ಮೂವತ್ತು. ಈ ದೋಣಿಯಲ್ಲಿ ಮೂವರಿಗೆ ಮೂರು ಹಲಗೆ, ನಾಲ್ಕನೆಯದರ ಮೇಲೆ ಅಕ್ಕಿ ಮೂಟೆ. ಇನ್ನೊಬ್ಬರಿಗೆ ಜಾಗವಿಲ್ಲ. ಅದನ್ನು ಮೊದಲ ಸಲ ಕಂಡಾಗ ಅವಳಿಗೆ ಖುಷಿಗೆ ಅಳುವೇ ಬಂದಿತ್ತು.

"ಇದನ್ನೊಂದ್ ಕೆಡಿಸ್ಬೇಡಿ ಸಾರ್. ಸಮುದ್ರ ಅವ್ರಿಗಿರ್ಲಿ, ನಂಗೆ ಇಷ್ಟು ಸಾಕು."

೪

ಕೆಡಿಸಿದ್ದು ನಾನಲ್ಲ. ಮೊದಲ ಶನಿವಾರವೇ ಹನ್ನೊಂದು ಜನ ಏಣಿ ಹತ್ತಿದರು. ಕಾಂತಮ್ಮನ ಅಣ್ಣ ಕಲ್ಲೇಶಪ್ಪ ಚುಕ್ಕಾಣಿಗೆ ಒರಗಿ ಕಾಲು ಚಾಚಿದರು.

"ಗೋವಾಕ್ ಹೋದ್ಮೇಲೂ ಎಲ್ಲಿದೀರ ಅಂತ ಒಂದ್ ಫೋನ್ ಮಾಡವ್ವ. ನಾವೇ ಬತ್ತೀವಿ."

ಆ ಒಂದೇ ಬರ್ನರಿನಲ್ಲಿ ಕುಸುಮಾ ಹನ್ನೊಂದು ಜನಕ್ಕೆ ಉಪ್ಪಿಟ್ಟು ಕೆದಕಿದಳು. ಅವರು ಇಳಿದ ಮೇಲೆ ಗಂಡನಿಗೆ, "ಇನ್ನೊಂದ್ ಶನಿವಾರ ಹಿಂಗಾದ್ರೆ ಈ ದೋಣಿ ನಂಗ್ ಬೇಡ. ನೀವೇ ಹೋಗಿ," ಎಂದಳು.

೫

ಅಂತ್ಯ ಒಂದು: ಘಾಟಿ ತೆರೆಯುತ್ತದೆ, ದೋಣಿ ಸಮುದ್ರ ಸೇರುತ್ತದೆ, ಸೂರ್ಯ ಮುಳುಗುತ್ತಾನೆ. (ಸಂಪಾದಕರು ಖುಷಿಯಾಗುತ್ತಾರೆ. ಕುಸುಮಾ ಮುಖವನ್ನೇ ತಿರುಗಿಸಿದಳು.)

ಅಂತ್ಯ ಎರಡು: ಶನಿವಾರ ಮಧ್ಯಾಹ್ನ ಅವಳು ಏಣಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಾಳೆ, ಅತ್ತೆ ಕೆಳಗೆ ನಿಂತು ಊರು ಕೇಳುವಂತೆ ಬೈಯುತ್ತಾರೆ. ಬೈಗುಳ ಎರಡು ಪುಟ ಬರೆದಿಟ್ಟುಕೊಂಡೆ.

ಮುಂದಿನ ಶನಿವಾರ ಕುಸುಮಾ ಏಣಿಗೆ ಕೈ ಹಾಕಿದಳು. ಕಾಂತಮ್ಮ ಬಂದರು. ಕಂಕುಳಲ್ಲಿ ಬಟ್ಟೆಯ ಗಂಟು.

"ತಡಿಯೇ," ಎಂದು ಮಂಡಿ ಹಿಡಿದುಕೊಂಡೇ ಹತ್ತಿ, ಅಕ್ಕಿ ಮೂಟೆ ಪಕ್ಕಕ್ಕೆ ನೂಕಿ ಕೂತರು. "ನಲವತ್ತಾರು ವರ್ಷ ಬಡ್ಸಿದೀನಿ. ಬರೋನು ನನ್ ಒಡಹುಟ್ಟಿದೋನೇ. ಆದ್ರೂ ಸಾಕಾಗೈತೆ ಕಣೇ. ಈಗ ಎಳ್ಕೊ."

ಅತ್ತೆಗೂ ಸಾಕಾಗಿರಬಹುದೆಂದು ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲವಲ್ಲ ಎಂದು ಕುಸುಮಾಗೆ ನಾಚಿಕೆಯಾಯಿತು. ಜೊತೆಗೇ, ತನ್ನ ಪುಟ್ಟ ಮನೆ ಅಷ್ಟರಲ್ಲೇ ತುಂಬಿತಲ್ಲ ಎಂಬ ಸಂಕಟವೂ ಆಯಿತು.

"ಅತ್ತೆ ಇದ್ದರೆ ಅದು ನಿನ್ನ ಮನೆ ಹೇಗಾಗುತ್ತದೆ?" ಎಂದು ಕೆಳಗಿನಿಂದ ಕೇಳಿದೆ.

"ನೀವು ಸುಮ್ನಿರಿ ಸಾರ್," ಎಂದು ಏಣಿ ಎಳೆದುಕೊಂಡಳು. ಒಳಗೆ ನಕ್ಷೆ ಹರಡಿಕೊಂಡ ಅಪ್ಪ ಮಗಳು ಆಗಲೇ ಗೋಕರ್ಣ ದಾಟಿದ್ದರು.

ಗೇಟು ಕಿರುಗುಟ್ಟಿತು. ಕಲ್ಲೇಶಪ್ಪ, ಹಿಂದೆ ಹದಿನಾಲ್ಕು ಜನ. ಬಾಗಿಲಿಗೆ ಬೀಗ. ಕಣದಲ್ಲಿದ್ದವನು ನಾನೊಬ್ಬನೇ.

"ಮನೇರೆಲ್ಲ ಎಲ್ಲೋದ್ರು?"

"ಸಮುದ್ರಕ್ಕೆ," ಎಂದೆ.

ಅವರು ಕಣ್ಣೆದುರಿನ ದೋಣಿಯನ್ನೂ ನನ್ನನ್ನೂ ನೋಡಿದರು. "ಯಾವಾಗ್ ಬತ್ತಾರೆ?"

"ಅದನ್ನಿನ್ನೂ ಬರೆದಿಲ್ಲ."