ಹೆಸರಿನ ಬಾಲ

ಬೆಳಿಗ್ಗೆ ಹತ್ತಕ್ಕೆ ಕರೆಂಟು ಹೋಯಿತು, ಯುಪಿಎಸ್ ಕೈಕೊಟ್ಟಿತು. ಕಂಪ್ಯೂಟರ್ ಮತ್ತೆ ಶುರುವಾದಾಗ ಪರದೆಯ ಮೇಲಿನ ಅಕ್ಷರಗಳೆಲ್ಲ ಅಡ್ಡ ಮಲಗಿದ್ದವು. ಪುಟ ಕಟ್ಟುವವನು ಕತ್ತು ವಾಲಿಸಿ ನೋಡಿದ. ಇಡೀ ಪುಟ ಒಟ್ಟಿಗೆ ಕಾಣಲೆಂದು ಈ ಮಾನಿಟರನ್ನು ಉದ್ದಕ್ಕೆ ತಿರುಗಿಸಿ ನಿಲ್ಲಿಸಿದ್ದವಳು, ಇದೇ ಕೋಣೆಯಲ್ಲಿ ಅವನ ಜೊತೆ ಪುಟ ಕಟ್ಟುತ್ತಿದ್ದ ಅವನ ಅಕ್ಕ. ಅದಕ್ಕೆ ತಕ್ಕಂತೆ ಚಿತ್ರವನ್ನೂ ತಿರುಗಿಸುವ ಸೆಟ್ಟಿಂಗ್ ಬರೆದವಳೂ ಅವಳೇ. ಅವಳು ಈ ಕೋಣೆ ಬಿಟ್ಟು ಬೇರೆ ಊರಿಗೆ ಹೋಗಿ ಎಂಟು ತಿಂಗಳಾಗಿತ್ತು.

ಹೋಗದೆ ಏನು ಮಾಡುತ್ತಾಳೆ? ಪುಟವೊಂದರಲ್ಲಿ ತಪ್ಪು ಮಾಡಿದವನು ಇವನು, ಗಿರಾಕಿಯ ಮುಂದೆ ಅದನ್ನು ಅವಳ ತಲೆಗೆ ಕಟ್ಟಿದ ಭೂಪನೂ ಇವನೇ. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಅವಳ ಕುರ್ಚಿ ಖಾಲಿ ಕಾಣಬಾರದೆಂದು ಅದರ ಮೇಲೆ ಕಾಗದದ ಕಟ್ಟು ಇಟ್ಟಿದ್ದ. ಆದರೂ ಖಾಲಿಯೇ ಕಾಣುತ್ತಿತ್ತು. ಫೋನ್ ಮಾಡಬೇಕು, ಅವಳನ್ನು ವಾಪಸ್ ಕರೆಯಬೇಕು ಎಂದು ದಿನಾ ಅನ್ನಿಸುತ್ತಿತ್ತು. ಏನೆಂದು ಶುರು ಮಾಡಲಿ ಎಂದು ದಿನಾ ಬಿಡುತ್ತಿದ್ದ.

ಇವತ್ತು ನೆಪ ಸಿಕ್ಕಿತ್ತು. ಸಂಜೆಗೆ ಪುಟಗಳು ಅಚ್ಚಿಗೆ ಹೋಗಬೇಕು. ಧೈರ್ಯ ಮಾಡಿ ಅವಳ ನಂಬರ್ ಒತ್ತಿದ.

“ಅಕ್ಕಾ, ಪರದೆ ಅಡ್ಡ ಬಿದ್ದಿದೆ.”

“ಆಫ್ ಮಾಡಿದ್ಯಾ?”

“ಕರೆಂಟು ಹೋಯ್ತು. ನೀನು ಹೋದಾಗಿಂದ ಆಫ್ ಮಾಡೇ ಇರಲಿಲ್ಲ.”

“ಅದಕ್ಕೇ ಇಷ್ಟು ದಿನ ಗೊತ್ತಾಗಿಲ್ಲ. ಡಿಸ್‌ಪ್ಲೇ ಸರ್ವರ್ ಅನ್ನೋದು ಪರದೆ ಮೇಲೆ ಚಿತ್ರ ಮೂಡಿಸೋ ಪ್ರೋಗ್ರಾಂ. ಅದು ಸೆಟ್ಟಿಂಗ್ ಹುಡುಕೋದು ಶುರುವಾಗೋವಾಗ ಮಾತ್ರ. ಇಂಥ ಫೈಲು ಓದು ಅಂತ ಯಾರಾದ್ರೂ ಮೊದಲೇ ಹೇಳಿದ್ರೆ ಅದನ್ನ ಓದುತ್ತೆ. ಇಲ್ಲಾಂದ್ರೆ ಸಿಸ್ಟಮ್ ಸೆಟ್ಟಿಂಗ್ ಎಲ್ಲಾ ಇರೋ ಇಟಿಸಿ ಒಳಗೆ ಎಕ್ಸ್ ಇಲೆವೆನ್ ಅಂತ ಫೋಲ್ಡರ್ ಇದೆಯಲ್ಲ, ಅಲ್ಲಿ ಹುಡುಕುತ್ತೆ. ನಾನು ಇಟ್ಟಿದ್ದು ಅಲ್ಲೇ.”

“ಎಲ್ಲೂ ಏನೂ ಸಿಗದಿದ್ರೆ?”

“ತಾನೇ ಏನೋ ಊಹೆ ಮಾಡ್ಕೊಂಡು ನಡೆಸುತ್ತೆ. ಈಗ ನಡೆಸ್ತಿಲ್ವಾ, ಅಡ್ಡಾದಿಡ್ಡಿ?”

ಎಂಟು ತಿಂಗಳ ಮೇಲೆ ಅವಳ ಕೊಂಕು ಕೇಳಿ ಇವನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ.

“ಫೋಲ್ಡರ್ ತೆಗಿ. ನನ್ನ ಫೈಲು ಇದೆಯಾ ನೋಡು.”

ತಲೆಯನ್ನು ಭುಜಕ್ಕೆ ಆನಿಸಿ ನೋಡಿದ. ಅದರ ಹೆಸರು ಕಂಡೊಡನೆ ಎಲ್ಲ ನೆನಪಾಯಿತು. ಯಾರು ಬರೆದ ಫೈಲೆಂದು ತಿಳಿಯಲು ಹೆಸರಿನಲ್ಲೇ ಅಕ್ಕ, ತಮ್ಮ ಎಂದು ಸೇರಿಸುವುದು ಈ ಕೋಣೆಯ ರೂಢಿ. ಅವಳು ಹೋದ ದಿನ, ಸಿಟ್ಟಿನ ಭರದಲ್ಲಿ, ಅಕ್ಕ ಎಂದಿದ್ದ ಫೈಲುಗಳನ್ನೆಲ್ಲ ಹುಡುಕಿ ಹುಡುಕಿ ಹಿಡಿದಿದ್ದ. ಅಳಿಸಲು ಕೈ ಬಾರದೆ ಒಂದೊಂದರ ಹೆಸರಿನ ಕೊನೆಗೂ ಒಂದು ಬಾಲ ಅಂಟಿಸಿದ್ದ.

“ಇದೆ.”

“ಹೆಸರು ಪೂರ್ತಿ ಓದು. ಕೊನೇಲಿ ಡಾಟ್ ಕಾನ್ಫ್ ಅಂತ ಇಲ್ದಿದ್ರೆ ಸರ್ವರ್ ಅದನ್ನ ಮೂಸಿ ಕೂಡ ನೋಡಲ್ಲ.”

“ಹತ್ತು ಅಂತ ನಂಬರ್, ಅಕ್ಕ, ಡಾಟ್ ಕಾನ್ಫ್...”

“ಆಮೇಲೆ?”

ಆಮೇಲೆ ಏನಿಲ್ಲ ಅನ್ನಬಹುದಿತ್ತು. ಸದ್ದಿಲ್ಲದೆ ಬಾಲ ಕತ್ತರಿಸಿ ಸಾಚಾ ಆಗಿಬಿಡಬಹುದಿತ್ತು. ಗಿರಾಕಿಯ ಮುಂದೆ ಮಾಡಿದ್ದೂ ಅದನ್ನೇ.

“ಡಾಟ್ ‘ಬೇಡ’,” ಅಂದ. “ನಾನೇ ಬರೆದಿದ್ದು. ಆವತ್ತಿನ ತಪ್ಪೂ ನನ್ನದೇ, ಅಕ್ಕಾ.”

“ಬೇಡ ಅಂತ ಬರೆದ ಮೇಲೆ ಅದು ಹೇಗೆ ಸಿಗುತ್ತೆ?” ದನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ಇವನಿಗೆ ಹಗುರಾಗುತ್ತಿತ್ತು. “ತೆಗಿ ಅದನ್ನ. ಮತ್ತೆ ಶುರು ಮಾಡು.”

ತೆಗೆದ. ಪರದೆ ಒಮ್ಮೆ ಕಪ್ಪಾಯಿತು. ಬೆಳಗಿದಾಗ ಅಕ್ಷರಗಳು ಎದ್ದು ನಿಂತಿದ್ದವು.

“ನೆಟ್ಟಗಾಯ್ತಾ?”

“ಆಯ್ತು. ನೀನು... ಹೇಗಿದ್ದೀಯ?”

“ನನಗೂ ಯಾರೂ ಏನೂ ಹೇಳಲಿಲ್ವಲ್ಲೋ. ನಾನೇ ಏನೋ ಊಹೆ ಮಾಡ್ಕೊಂಡು ನಡೆಸ್ತಿದ್ದೀನಿ,” ಅಂದು ಫೋನ್ ಇಟ್ಟಳು.

ಅವನು ಎದ್ದು, ಅವಳ ಕುರ್ಚಿಯ ಮೇಲಿದ್ದ ಕಾಗದದ ಕಟ್ಟನ್ನು ಕೆಳಗಿಳಿಸಿದ. ಮತ್ತೆ ಫೋನ್ ಎತ್ತಿಕೊಂಡ.