ಪರಾಗ ಬರುವ ಹೊತ್ತು

ಗಾಳಿಮರಗಳು ಹೂ ಬಿಡುವ ಕಾಲದಲ್ಲಿ ಆ ಕಡಲೂರಿನ ಜನ ಪತ್ರಿಕೆಯ ಕೊನೆಯ ಪುಟವನ್ನು ಮೊದಲು ನೋಡುತ್ತಿದ್ದರು. ಅಲ್ಲಿ ಹವಾಮಾನದ ಕೆಳಗೆ ಸಣ್ಣದೊಂದು ಚೌಕದಲ್ಲಿ ನಾಳೆ ಗಾಳಿಯಲ್ಲಿ ಪರಾಗ ಎಷ್ಟಿರುತ್ತದೆ, ಯಾವ ಹೊತ್ತಿನಲ್ಲಿ ಹೆಚ್ಚು ಎಂದು ಬರೆದಿರುತ್ತಿತ್ತು. ಕಿಟಕಿ ತೆರೆಯುವವರು, ಬಟ್ಟೆ ಒಣಹಾಕುವವರು, ಉಬ್ಬಸದ ಮಕ್ಕಳನ್ನು ಆಡಲು ಬಿಡುವವರು ಅದನ್ನು ನಂಬಿದ್ದರು. ಬರೆಯುತ್ತಿದ್ದವಳು ನಗರ ಆರೋಗ್ಯ ಕಚೇರಿಯ ಪರಾಗ ತಜ್ಞೆ. ಎಲ್ಲರಿಗಿಂತ ಹೆಚ್ಚು ನಂಬಿದ್ದವನು ಅವಳ ಗಂಡ.

ಗಂಡ ಸಿಟಿ ಬಸ್ಸಿನ ಚಾಲಕ. ಪರಾಗ ಮೂಗಿಗೆ ಹೋದರೆ ಸಾಕು, ಒಂದರ ಬೆನ್ನಿಗೊಂದು ಸೀನು. ಸೀನುವಾಗ ಕಣ್ಣು ಮುಚ್ಚುತ್ತದೆ, ಬಸ್ಸು ನಿಲ್ಲಿಸಲೇಬೇಕು. ಮಾತ್ರೆ ನುಂಗಿದರೆ ನಿದ್ದೆ ಬರುವುದರಿಂದ ಅದನ್ನು ನುಂಗಿ ಸ್ಟಿಯರಿಂಗ್ ಹಿಡಿಯುವಂತಿರಲಿಲ್ಲ. ಡಿಪೋದಲ್ಲಿ ಅವನಿಗೆ ಸೀನಪ್ಪ ಎಂದೇ ಹೆಸರು. ಈ ವರ್ಷ ಪರಾಗ ಸಂಜೆ ಹೆಚ್ಚು, ಬೆಳಗ್ಗೆ ಕಡಿಮೆ ಎಂದು ಹೆಂಡತಿ ಬರೆದಾಗ ಅವನು ಡಿಪೋ ಮ್ಯಾನೇಜರರ ಬೆನ್ನು ಬಿದ್ದು, ಸಂಜೆಯ ಪಾಳಿ ಬಿಟ್ಟು ಬೆಳಗಿನ ಪಾಳಿ ಹಾಕಿಸಿಕೊಂಡ. ಅಲ್ಲಿಂದ ಸೀನು ಇಮ್ಮಡಿಯಾಯಿತು. ಗಾಳಿಮರದ ಸಾಲಿನ ತಿರುವಿನಲ್ಲಿ ತುಂಬಿದ ಬಸ್ಸನ್ನು ನಡುರಸ್ತೆಯಲ್ಲಿ ನಿಲ್ಲಿಸಿದ್ದಕ್ಕೆ ಪ್ರಯಾಣಿಕರು ದೂರು ಕೊಟ್ಟರು. ಇನ್ನೊಂದು ಸಲ ಹೀಗಾದರೆ ಸೀಟಿನಿಂದ ಇಳಿಸಿ ಬಸ್ಸು ತೊಳೆಯಲು ಹಾಕುತ್ತೇನೆ ಎಂದು ಮ್ಯಾನೇಜರ್ ಖಡಾಖಂಡಿತವಾಗಿ ಹೇಳಿಬಿಟ್ಟರು.

ಅಂದು ಮನೆಗೆ ಬಂದವನು ಮೂಗೊರೆಸಿಕೊಳ್ಳುತ್ತಲೇ ಊಟಕ್ಕೆ ಕೂತ.

"ನಿನ್ನ ಸೂಕ್ಷ್ಮದರ್ಶಕ ಒಂದು ಹೇಳತ್ತೆ, ನನ್ನ ಮೂಗು ಇನ್ನೊಂದು ಹೇಳತ್ತೆ. ಇಬ್ಬರಲ್ಲಿ ಯಾರೋ ಒಬ್ಬರು ಸುಳ್ಳು ಹೇಳ್ತಿದ್ದಾರೆ."

"ಧೂಳು, ಹೊಗೆ ಕೂಡ ನಿಮ್ಮ ಮೂಗಿಗೆ ಆಗಲ್ವಲ್ಲ ರೀ," ಎಂದಳು ಅವಳು.

ಬಡಿಸುತ್ತಿದ್ದ ಅತ್ತೆ ಸೌಟು ಕೆಳಗಿಟ್ಟರು. "ಆ ಮೂಗನ್ನ ಹುಟ್ಟಿದಾಗಿಂದ ಒರೆಸಿದವಳು ನಾನಮ್ಮ. ಸುಳ್ಳು ಹೇಳೋಕೆ ಅದಕ್ಕೆ ಬರಲ್ಲ."

ಗಂಡನ ಮೂಗು ಹೇಳಿತೆಂದು ಅಂಕಿ ತಿದ್ದುವ ಹೆಂಗಸಲ್ಲ ಅವಳು. ಆದರೆ ಆ ಮೂಗು ಅವಳ ಮಾತು ನಂಬಿ ಪಾಳಿ ಬದಲಾಯಿಸಿಕೊಂಡಿತ್ತು. ಮರುದಿನ ಕಚೇರಿಗೆ ಹೋದವಳೇ ಒಂದೊಂದಾಗಿ ಪರೀಕ್ಷಿಸತೊಡಗಿದಳು. ಬಣ್ಣದ ದ್ರಾವಣ ಸರಿಯಿತ್ತು, ಮಸೂರ ಸರಿಯಿತ್ತು. ದಿನದ ಒಟ್ಟು ಪರಾಗವೂ ಹಿಂದಿನ ವರ್ಷಗಳಷ್ಟೇ ಇತ್ತು. ಹೊತ್ತು ಮಾತ್ರ ಬೇರೆ. ಹಿಂದೆಲ್ಲ ಬೆಳಗ್ಗೆ ಏರುತ್ತಿದ್ದ ಪರಾಗ ಈ ವರ್ಷ ಸಂಜೆ ಏರುತ್ತಿತ್ತು. ಅದನ್ನು ಅವಳು ಮೊದಲೇ ಗಮನಿಸಿದ್ದಳು. ಕಡಲ ಗಾಳಿಯ ರೀತಿ ಬದಲಾಗಿರಬೇಕು ಎಂದುಕೊಂಡು, ಹಾಗೆಯೇ ಪತ್ರಿಕೆಗೂ ಬರೆದಿದ್ದಳು. ಆ ಮಾತಿಗೆ ಆಧಾರ ಏನಿತ್ತು ಎಂದು ಈಗ ತನ್ನನ್ನೇ ಕೇಳಿಕೊಂಡಳು. ಏನೂ ಇರಲಿಲ್ಲ.

ಹಾಗಾದರೆ ಈ ವರ್ಷ ನಿಜವಾಗಿ ಬದಲಾದದ್ದೇನು? ಒಂದೇ ಒಂದು: ಮಹಡಿಯ ಮೇಲೆ ಪರಾಗ ಹಿಡಿಯುವ ಯಂತ್ರದ ಗಡಿಯಾರ.

ಆ ಯಂತ್ರ ಇಡೀ ದಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತಿರುತ್ತದೆ. ಒಳಗೊಂದು ಸಣ್ಣ ಡ್ರಮ್ಮು, ಅದರ ಸುತ್ತ ಅಂಟುಪಟ್ಟಿ. ಗಡಿಯಾರ ಡ್ರಮ್ಮನ್ನು ದಿನಕ್ಕೊಂದು ಸುತ್ತು ತಿರುಗಿಸುತ್ತದೆ. ಪರಾಗ ಪಟ್ಟಿಯ ಯಾವ ಜಾಗದಲ್ಲಿ ಅಂಟಿದೆ ಎನ್ನುವುದರ ಮೇಲೆ ಅದು ಬಂದ ಹೊತ್ತು ಗೊತ್ತಾಗುತ್ತದೆ. ಪಟ್ಟಿ ಬದಲಾಯಿಸುವುದು ನಡುಮಧ್ಯಾಹ್ನ ಹನ್ನೆರಡಕ್ಕೆ. ಹಳೆಯ ಗಡಿಯಾರ ಕೆಟ್ಟಾಗ ರಿಪೇರಿಯವನು ಹೊಸದನ್ನು ಕೂರಿಸಿ ಹೋಗಿದ್ದ. ಅದು ತಿರುಗುತ್ತಿತ್ತು, ಸದ್ದು ಮಾಡುತ್ತಿತ್ತು. ಯಾವ ಕಡೆಗೆ ತಿರುಗುತ್ತಿದೆ ಎಂದು ಯಾರೂ ನೋಡಿರಲಿಲ್ಲ. ದಿನಕ್ಕೊಂದೇ ಸುತ್ತು ಹಾಕುವ ಡ್ರಮ್ಮು ಎತ್ತ ಹೊರಟಿದೆಯೆಂದು ನಿಂತು ನೋಡಿದರೆ ಕಣ್ಣಿಗೆ ಕಾಣುವುದೂ ಇಲ್ಲ.

ಮಾರನೆಯ ದಿನ ಮನೆಯಿಂದ ಒಂದು ಚಿಟಿಕೆ ಗೋಧಿಹಿಟ್ಟನ್ನು ಕಾಗದದಲ್ಲಿ ಕಟ್ಟಿ ತಂದಳು. ಮಧ್ಯಾಹ್ನ ಮೂರಕ್ಕೆ ಮಹಡಿ ಹತ್ತಿ ಯಂತ್ರದ ಬಾಯಿಗೆ ಊದಿದಳು. ಪಕ್ಕದಲ್ಲಿ ನೀರಿನ ಟ್ಯಾಂಕು ನೋಡಲು ಬಂದಿದ್ದ ಪ್ಲಂಬರು, ಇದಕ್ಕೂ ಊಟ ಹಾಕುತ್ತಾರಾ ಎಂದು ಕೇಳಿದ. ದಿನಾ ಇಲ್ಲ ಎಂದು ಹೇಳಿ ಇಳಿದಳು.

ಮರುದಿನ ಪಟ್ಟಿಯನ್ನು ಕತ್ತರಿಸಿ, ಗಾಜಿನ ಮೇಲಿಟ್ಟು, ಬಣ್ಣ ಹಾಕಿ ನೋಡಿದಳು. ಪರಾಗದ ಕಾಳು ಗುಲಾಬಿ ಬಣ್ಣ ಹಿಡಿದಿತ್ತು. ಹಿಟ್ಟು ಹಿಡಿಯುವುದಿಲ್ಲ, ಹಾಗಾಗಿ ಗುರುತಿಸುವುದು ಕಷ್ಟವಾಗಲಿಲ್ಲ. ಮಧ್ಯಾಹ್ನ ಮೂರಕ್ಕೆ ಊದಿದ ಹಿಟ್ಟು ಬೆಳಗಿನ ಒಂಬತ್ತರ ಜಾಗದಲ್ಲಿ ಹಾಯಾಗಿ ಕೂತಿತ್ತು. ಹನ್ನೆರಡರಿಂದ ಮೂರು ಗಂಟೆ ಮುಂದೆ ಇರಬೇಕಾದದ್ದು ಮೂರು ಗಂಟೆ ಹಿಂದೆ ಇತ್ತು; ಡ್ರಮ್ಮು ಉಲ್ಟಾ ತಿರುಗುತ್ತಿತ್ತು. ಒಟ್ಟು ಲೆಕ್ಕಕ್ಕೆ ಏನೂ ಆಗದೆ, ಬೆಳಗು ಸಂಜೆಯಾಗಿ, ಸಂಜೆ ಬೆಳಗಾಗಿತ್ತು. ಊರಿನ ಜನ ಗಾಳಿಯಲ್ಲಿ ಪರಾಗ ತುಂಬಿರುವಾಗಲೇ ಕಿಟಕಿ ತೆರೆಯುತ್ತಿದ್ದರು.

ಅವಳು ನೇರವಾಗಿ ಆರೋಗ್ಯಾಧಿಕಾರಿಯ ಕೋಣೆಗೆ ಹೋದಳು. ಅವರು ತಾಳ್ಮೆಯಿಂದ ಕೇಳಿದರು, ಗಾಜನ್ನೂ ನೋಡಿದರು. ಗಡಿಯಾರ ಬದಲಾಯಿಸಿ ನಾಳೆಯಿಂದ ಸರಿಯಾಗಿ ಬರೆಯಿರಿ, ಹಳೆಯದನ್ನು ಕೆದಕುವುದು ಬೇಡ, ಕೆದಕಿದರೆ ಸರಿಯಾದದ್ದನ್ನೂ ಜನ ನಂಬುವುದಿಲ್ಲ ಎಂದರು.

"ಸುಮ್ಮನೆ ಹೊತ್ತು ಬದಲಾಯಿಸಿದ್ರೆ ಗಾಳಿ ತಿರುಗಿತು ಅಂದ್ಕೋತಾರೆ ಸರ್. ತಪ್ಪಿದ್ದು ಗಾಳಿ ಅಲ್ಲ, ನಾವು."

ಅಧಿಕಾರಿ ಕನ್ನಡಕ ತೆಗೆದರು. "ನಿಮ್ಮ ಯಜಮಾನರ ಪಾಳಿಯ ವಿಷಯವೂ ಇದೆ ಅಂತ ಕೇಳಿದೆ."

"ಇದೆ ಸರ್. ಪತ್ರಿಕೇಲಿ ಬಂದರೆ ಅವರ ಕೆಲಸ ಉಳಿಯತ್ತೆ. ಆದರೆ ಅವರೊಬ್ಬರದ್ದೇ ಆಗಿದ್ರೆ ಮನೇಲೇ ಹೇಳಿ ಮುಗಿಸ್ತಿದ್ದೆ. ಕಿಟಕಿ ತೆಗೆಯೋರಿಗೆಲ್ಲ ನಾನು ಮನೆಮನೆಗೆ ಹೋಗಿ ಹೇಳೋಕಾಗಲ್ಲ."

ಅವಳು ಕುರ್ಚಿಯಿಂದ ಏಳಲಿಲ್ಲ. ಫೋನು ಬಂತು, ಅವರು ಮಾತಾಡಿ ಇಟ್ಟರು. ಇನ್ಯಾರೋ ಸಹಿಗೆ ಬಂದು ಹೋದರು. ಅವಳು ಅಲ್ಲೇ ಇದ್ದಳು. ಕೊನೆಗೆ ಅಧಿಕಾರಿ, ಬರೆದು ತನ್ನಿ ನೋಡೋಣ ಎಂದರು. ಬರೆದದ್ದು ಆಗಲೇ ಅವಳ ಕೈಯಲ್ಲಿತ್ತು. ಹೊಸ ಗಡಿಯಾರ ಕೂರಿಸಿದ ಮೇಲೆ ಪರೀಕ್ಷಿಸದೆ ಇದ್ದದ್ದು ಈ ವಿಭಾಗದ ತಪ್ಪು, ಪರಾಗ ಹೆಚ್ಚಿರುವುದು ಬೆಳಗ್ಗೆ, ಸಂಜೆಯಲ್ಲ ಎಂದಿತ್ತು. ಅವರು 'ತಪ್ಪು' ಎಂಬುದನ್ನು ಹೊಡೆದು 'ಲೋಪ' ಎಂದು ಬರೆದು ಸಹಿ ಹಾಕಿದರು. ಅಷ್ಟನ್ನು ಅವಳು ಬಿಟ್ಟುಕೊಟ್ಟಳು.

ತಿದ್ದುಪಡಿ ಅಚ್ಚಾದ ದಿನ ಅವಳ ಮೇಜಿನ ಫೋನಿಗೆ ಬಿಡುವಿರಲಿಲ್ಲ. ಬೈದವರೇ ಹೆಚ್ಚು. ಒಬ್ಬರಿಗೂ ಅಡ್ಡ ಮಾತಾಡದೆ ಸರಿಯಾದ ಹೊತ್ತನ್ನು ಹೇಳಿದಳು. ಗಂಡ ಪತ್ರಿಕೆ ಹಿಡಿದು ಡಿಪೋಗೆ ಹೋಗಿದ್ದ. ಮ್ಯಾನೇಜರ್ ಎರಡೆರಡು ಸಲ ಓದಿ, ಹೂ ಉದುರುವವರೆಗೆ ಸಂಜೆಯ ಪಾಳಿ ಮಾಡು, ಈ ಸಲವೂ ನಡುರಸ್ತೆಯಲ್ಲಿ ನಿಂತರೆ ಪತ್ರಿಕೆ ತೋರಿಸಲು ಬರಬೇಡ ಎಂದರಂತೆ.

ಮೊದಲ ಸಂಜೆ ಅವಳೂ ಆ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕೂತಳು. ಗಾಳಿಮರದ ಸಾಲು ಬಂತು. ತಿರುವಿನ ಹತ್ತಿರ ಗಂಡ ಒಮ್ಮೆ ಸೀನಿದ. ನಿಂತಿದ್ದವರು ಕಂಬಿ ಬಿಗಿಯಾಗಿ ಹಿಡಿದುಕೊಂಡರು. ಎರಡನೆಯ ಸೀನಿಗಾಗಿ ಬಸ್ಸಿಗೆ ಬಸ್ಸೇ ಕಾಯಿತು. ಬರಲಿಲ್ಲ.

ಅವನು ಕನ್ನಡಿಯಲ್ಲಿ ಅವಳನ್ನು ನೋಡಿದ. "ಇದೇನು ಮೇಡಂ?"

"ಸಂಜೆ ಕಡಿಮೆ ಅಂತ ಬರೆದಿದ್ದೀನಿ," ಎಂದಳು. "ಇಲ್ಲವೇ ಇಲ್ಲ ಅಂತ ಬರೆದಿಲ್ಲ. ರಸ್ತೆ ನೋಡಿ."