ಬದಲಾದವನ್ನು ಮಾತ್ರ

'ಮಾಡುವಂಥದ್ದೇನೂ ಇಲ್ಲ' ಎಂದಿತು ಕಂಪ್ಯೂಟರಿನ ಪರದೆ. ಚಹಾ ಇನ್ನೂ ಬಿಸಿಯಿತ್ತು.

ಚಿದಾನಂದ ಗಾಬರಿಯಿಂದ ಗಾಜಿನ ಬಾಗಿಲ ಕಡೆ ನೋಡಿದ. ಬನಹಟ್ಟಿಯ ಈ ಸೀರೆ ಅಂಗಡಿಯಲ್ಲಿ ಅವನ ಕೆಲಸ ಒಂದೇ: ಹಳೆಯ ಡಿಸೈನ್ ಫೈಲುಗಳನ್ನು ಹೊಸ ಮಗ್ಗಗಳು ಓದುವಂಥ ಫೈಲುಗಳಾಗಿ ಬದಲಿಸುವುದು. ಒಂದು ತೆರೆ, ಬದಲಿಸು, ಉಳಿಸು, ಮತ್ತೊಂದು ತೆರೆ. ಬೇಸತ್ತು, ಸಾಫ್ಟ್‌ವೇರ್ ಸಿದ್ಧಪಡಿಸುವವರು ಬಳಸುವ ಒಂದು ಪ್ರೋಗ್ರಾಮಿಗೆ ಹೋದ ವಾರ ನಿಯಮ ಬರೆದಿದ್ದ: ಫೈಲಿನ ತಾರೀಖು ನೋಡಿ ಹೊಸದಾಗಿ ತಿದ್ದಿದವನ್ನು ಮಾತ್ರ ಪರಿವರ್ತಿಸು, ಉಳಿದವನ್ನು ಮುಟ್ಟಬೇಡ. ಅದು ಇಡೀ ದಿನದ ಕೆಲಸ ಮುಗಿಸಿ ಕೈಕಟ್ಟಿ ಕುಳಿತಿತ್ತು.

ಎಂ.ಸಿ.ಎ. ಓದಿದವನಿಗೆ ಹೆಮ್ಮೆಯಾಗಬೇಕಿತ್ತು. ಆದದ್ದು ಹೆದರಿಕೆ. ಅಂಗಡಿಯ ಸಾವಕಾರರಿಗೆ ಗೊತ್ತಾದರೆ ತಾನು ಯಾತಕ್ಕೆ ಬೇಕು?

ಫೈಲುಗಳನ್ನು ಒಂದೊಂದಾಗಿ ತೆರೆದು, ಏನನ್ನೂ ತಿದ್ದದೆ, ಮತ್ತೆ ಉಳಿಸತೊಡಗಿದ. ತಾರೀಖು ಬದಲಾಗುತ್ತಿತ್ತು. ಪ್ರೋಗ್ರಾಮು ಪಾಪ, ನಂಬಿ ಮತ್ತೆ ದುಡಿಯುತ್ತಿತ್ತು. ಮನೆಯಲ್ಲೂ ಅವನದು ಇದೇ ಉಪಾಯ. ಹೆಂಡತಿ ಐಶ್ವರ್ಯ "ಇವತ್ತೇನ್ ಹೊಸಾದು?" ಎಂದರೆ ನಿನ್ನೆಯದಕ್ಕೇ ಇವತ್ತಿನ ತಾರೀಖು ಹಾಕಿ ಹೇಳುತ್ತಿದ್ದ. ನಾಚಿಕೆಯೆನ್ನಿಸಿತು. ಆದರೂ ಇನ್ನೊಂದು ಫೈಲು ತೆರೆದ.

ಮುರಗೆಪ್ಪ ಸಾವಕಾರರು ಬಂದು ಹಿಂದೆ ನಿಂತದ್ದು ತಿಳಿಯಲಿಲ್ಲ.

"ಏನ್ ಮಾಡಾಕತ್ತೀರಿ?"

"ಫೈಲ್ ರೀ."

"ಬರೇ ತಗದು ಮುಚ್ಚಾಕತ್ತೀರಲ್ಲ. ಬದಲ್ ಮಾಡೋರ್ ಯಾರು?"

ಸುಳ್ಳು ಸಿದ್ಧವಿತ್ತು, ಬಾಯಿಗೆ ಬರಲಿಲ್ಲ. "ಅದ ಮಾಡ್ಕೋತೈತ್ರಿ."

"ತಾನ?"

"ಹೂಂನ್ರಿ."

"ಹಂಗಾರ ನೀವು?"

ಚಿದಾನಂದ ಕೀಲಿಮಣೆಯಿಂದ ಕೈ ತೆಗೆದ. ನಾಳೆಯಿಂದ ಬರಬೇಡಿ ಎಂದುಬಿಟ್ಟರೂ ಒಳ್ಳೆಯದೇ ಎಂದು ಒಂದು ಕ್ಷಣ ಅನ್ನಿಸಿತು.

ಸಾವಕಾರರು ನಕ್ಕರು. "ಅಂಜಬ್ಯಾಡ್ರಿ. ಕುರ್ಚಿ ಖಾಲಿ ಇದ್ರ ಗಿರಾಕಿಗೆ ಛಲೋ ಕಾಣಂಗಿಲ್ಲ. ಕುಂತಿರ್ರಿ."

ಕೆಲಸ ಉಳಿಯಿತು. ಅವನಿಗೆ ಅಳು ಬಂದಂತಾಯಿತು.

ಮಧ್ಯಾಹ್ನ ಮುಧೋಳದಿಂದ ಮದುವೆಯ ಜವಳಿ ತೆಗೆಯಲು ಗಂಗಾಂಬಿಕಾ ಎಂಬಾಕೆ ಬಂದಳು. ಸಾವಕಾರರು ಚಿದಾನಂದ ಕೂತ ಗಾಜಿನ ಕೋಣೆಯನ್ನೂ ತೋರಿಸಿದರು.

"ಇವ್ರು ನಮ್ಮ ಡಿಸೈನರ್ ರೀ. ಭಾಳ ಕಲ್ತಾರ."

ಆಕೆಗೆ ಸೀರೆಯನ್ನು ಯಾರದಾದರೂ ಮೈಮೇಲೆ ನೋಡಬೇಕಿತ್ತು. ಸೀರೆ ಉಟ್ಟು ತೋರಿಸುವ ಆಳು ಊಟಕ್ಕೆ ಹೋಗಿದ್ದ. ಆಕೆ ಹಸಿರು ಸೀರೆಯ ಸೆರಗನ್ನು ಚಿದಾನಂದನ ಹೆಗಲಿಗೆ ಹಾಕಿ, ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿದಳು.

"ಬಣ್ಣ ನೆಟ್ಟಗ ತಿಳೀವಲ್ತು," ಎಂದಳು ಸಾವಕಾರರಿಗೆ. "ಸ್ವಲ್ಪ ಹೊಳ್ಳಸ್ರಿ ಇವ್ರನ್ನ."

ಸಾವಕಾರರು ಕುರ್ಚಿಯ ಬೆನ್ನು ಹಿಡಿದು ಅವನನ್ನು ಬೆಳಕಿನ ಕಡೆ ತಿರುಗಿಸಿದರು. ಸೆರಗು ಜಾರದಂತೆ ಚಿದಾನಂದ ಹೆಗಲನ್ನು ತುಸು ಎತ್ತಿ ಹಿಡಿದ.